ಗಿಟಾರ್ ಹಿಡಿದ ಮುದುಕನ ಹಿಂದೆ ಯಾರಿದ್ದಾರೆ?

[ತೆರೆಯ ಮೇಲೆ: ಪಿಕಾಸೊನ ‘ಮುದಿ ಗಿಟಾರ್ ವಾದಕ’]

ನಮಸ್ಕಾರ. ಈ ಚಿತ್ರ ನೋಡಿ. ಒಬ್ಬ ಕುರುಡ ಮುದುಕ ತಲೆ ಬಗ್ಗಿಸಿ ಗಿಟಾರ್ ನುಡಿಸುತ್ತಿದ್ದಾನೆ. ಮೈ, ಬಟ್ಟೆ, ಗೋಡೆ, ಎಲ್ಲಾ ನೀಲಿ. ಗಿಟಾರ್ ಮಾತ್ರ ಕಂದು.

ಈಗ ಅವನ ಕತ್ತಿನ ಮೇಲ್ಗಡೆ ಸುಮ್ನೆ ಸ್ವಲ್ಪ ಹೊತ್ತು ನೋಡಿ. ಮಸುಕಾಗಿ ಒಂದು ಹೆಣ್ಣಿನ ಮುಖ ಕಾಣುತ್ತದೆ, ಅಲ್ವಾ? ಮೊದಲ ಸಲ ಅದು ಕಂಡಾಗ ನನಗೆ ಮೈ ಜುಮ್ಮೆಂದಿತ್ತು. ಅವಳು ಇಲ್ಲಿಗೆ ಯಾಕೆ ಬಂದಳು?

ಅವಳು ಮೊದಲಿಂದ ಅಲ್ಲೇ ಇದ್ದಳು. ಮುದುಕನೇ ಆಮೇಲೆ ಬಂದವನು.

ಪಿಕಾಸೊ ಯಾರು ಅಂತ ಜಾಸ್ತಿ ಹೇಳುವುದು ಬೇಡ. 1881ರಲ್ಲಿ ಸ್ಪೇನ್‌ನಲ್ಲಿ ಹುಟ್ಟಿದವನು. 1901ರಿಂದ 1904ರವರೆಗೆ ಹೆಚ್ಚಾಗಿ ನೀಲಿಯಲ್ಲೇ ಚಿತ್ರ ಬರೆದ. ಕೈಯಲ್ಲಿ ಕಾಸಿರಲಿಲ್ಲ.

ಎಷ್ಟು ಕಷ್ಟ ಅಂದರೆ, 1902ರ ಚಳಿಗಾಲಕ್ಕೆ ಬನ್ನಿ. ಪ್ಯಾರಿಸ್‌ನಲ್ಲಿ ಒಂದು ಕೋಣೆ. ಬಾಡಿಗೆ ಕಟ್ಟುತ್ತಿದ್ದವನು ಮ್ಯಾಕ್ಸ್ ಜಾಕೋಬ್ ಎಂಬ ಕವಿ. ಹಗಲು ಅಂಗಡಿಯೊಂದರಲ್ಲಿ ಅವನಿಗೆ ಕೆಲಸ. ಕೋಣೆಯಲ್ಲಿ ಇದ್ದದ್ದು ಒಂದೇ ಹಾಸಿಗೆ. ರಾತ್ರಿ ಕವಿ ಮಲಗುತ್ತಿದ್ದ, ಪಿಕಾಸೊ ಪಕ್ಕದಲ್ಲಿ ಕೂತು ಚಿತ್ರ ಬರೆಯುತ್ತಿದ್ದ. ಬೆಳಗ್ಗೆ ಕವಿ ಕೆಲಸಕ್ಕೆ ಹೊರಟ ಮೇಲೆ ಪಿಕಾಸೊ ಅದೇ ಹಾಸಿಗೆಯಲ್ಲಿ ಮಲಗುತ್ತಿದ್ದ. ಗೆಳೆಯನ ಮೈಯ ಕಾವು ಇನ್ನೂ ಆರದ ಹಾಸಿಗೆ ಅದು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತೇವೆ. ಇವರಿಬ್ಬರೂ ಕಾಲು ಪೂರ್ತಿ ಚಾಚಿಯೇ ಮಲಗಿದರು, ಸರದಿ ಹಾಕಿಕೊಂಡು!

ನನಗೆ ಈ ಕಥೆ ಎಷ್ಟು ಸಲ ಓದಿದರೂ ಸಾಕಾಗುವುದಿಲ್ಲ. ಒಬ್ಬರಿಗೇ ಸಾಲದ ಕೋಣೆಯಲ್ಲಿ ಒಂದು ಕವಿತೆ, ಒಂದು ಚಿತ್ರ, ಎರಡಕ್ಕೂ ಜಾಗ ಸಿಕ್ಕಿತು. ಚಳಿ ತಡೆಯಲಾರದೆ ಪಿಕಾಸೊ ಅಲ್ಲಿ ತನ್ನ ರೇಖಾಚಿತ್ರಗಳನ್ನೇ ಸುಟ್ಟು ಮೈ ಕಾಯಿಸಿಕೊಂಡ ಅಂತಲೂ ಹೇಳುತ್ತಾರೆ.

ಅಂಥವನು ಹಳೇ ಚಿತ್ರದ ಮೇಲೇ ಹೊಸದು ಬರೆದಿದ್ದರಲ್ಲಿ ಆಶ್ಚರ್ಯ ಏನಿದೆ? ಗಿಟಾರ್ ಮುದುಕ ಇರುವುದೂ ಮೊದಲೇ ಬಳಸಿದ ಮರದ ಹಲಗೆಯ ಮೇಲೆ.

ಇದನ್ನು ಕಂಡುಹಿಡಿಯುವುದು ಹೇಗೆ ಅಂತ ಬೇಗ ಹೇಳಿಬಿಡುತ್ತೇನೆ. ಸೀಸ ಬೆರೆತ ಬಿಳಿ ಬಣ್ಣ ಎಕ್ಸ್‌ರೇಯನ್ನು ತಡೆಯುತ್ತದೆ, ಹಾಗಾಗಿ ಒಳಗಿನ ಆಕಾರ ಮೂಡುತ್ತದೆ. ಇನ್‌ಫ್ರಾರೆಡ್ ಬೆಳಕು ಮೇಲಿನ ಬಣ್ಣ ದಾಟಿ ಕೆಳಗಿನ ಗೆರೆ ತೋರಿಸುತ್ತದೆ. 1901ರ ‘ನೀಲಿ ಕೋಣೆ’ ಚಿತ್ರದ ಅಡಿಯಲ್ಲಿ ಬೋ ಟೈ ಕಟ್ಟಿ, ಕೈಗೆ ಕೆನ್ನೆ ಕೊಟ್ಟು ಕೂತ ಗಡ್ಡದವನೊಬ್ಬ ಇದ್ದಾನೆ ಅಂತ 2014ರಲ್ಲಿ ಲೋಕಕ್ಕೆ ಗೊತ್ತಾಯಿತು. ಬೆರಳಲ್ಲಿ ಮೂರು ಉಂಗುರ ಬೇರೆ.

ಆದರೆ ಬರೀ ದುಡ್ಡಿಲ್ಲದ್ದಕ್ಕೆ ಹೀಗೆ ಮಾಡಿದ ಅಂದರೆ ನಾನು ಒಪ್ಪುವುದಿಲ್ಲ. ಇದು ನೋಡಿ.

[ತೆರೆಯ ಮೇಲೆ: ‘ಬದುಕು’, 1903]

ಇದರ ಅಡಿಯಲ್ಲಿರುವುದು ‘ಕೊನೆಯ ಕ್ಷಣಗಳು’. ಸಾಯುತ್ತಿರುವ ಹೆಣ್ಣು, ಪಕ್ಕದಲ್ಲಿ ಪಾದ್ರಿ. 1900ರ ಪ್ಯಾರಿಸ್ ವಿಶ್ವ ಪ್ರದರ್ಶನಕ್ಕೆ ಆಯ್ಕೆಯಾದ ಚಿತ್ರ ಅದು. ಅದನ್ನು ನೋಡಲು ಪಿಕಾಸೊ ಜೊತೆ ಪ್ಯಾರಿಸ್‌ಗೆ ಹೋದವನು ಗೆಳೆಯ ಕಾರ್ಲೆಸ್ ಕಾಸಾಗೇಮಾಸ್. ಅಲ್ಲಿ ಅವನು ಜೆರ್ಮೇನ್ ಎಂಬ ಹುಡುಗಿಯನ್ನು ಪ್ರೀತಿಸಿದ. ಅವಳು ಒಪ್ಪಲಿಲ್ಲ. 1901ರ ಫೆಬ್ರವರಿ 17ರಂದು ಒಂದು ಕೆಫೆಯಲ್ಲಿ ಅವಳ ಮೇಲೆ ಗುಂಡು ಹಾರಿಸಿದ. ಗುರಿ ತಪ್ಪಿತು. ಮುಂದಿನ ಗುಂಡು ತನಗೇ ಹೊಡೆದುಕೊಂಡ. ಅವನಿಗೆ 20 ವರ್ಷ. ಪಿಕಾಸೊ ಆಗ ಸ್ಪೇನ್‌ನಲ್ಲಿದ್ದ.

ಎರಡು ವರ್ಷದ ಮೇಲೆ, ತಮ್ಮಿಬ್ಬರನ್ನೂ ಪ್ಯಾರಿಸ್‌ಗೆ ಕರೆದೊಯ್ದ ಅದೇ ಕ್ಯಾನ್ವಾಸ್ ಎಳೆದುಕೊಂಡು ಈ ‘ಬದುಕು’ ಬರೆದ. ಎಡಗಡೆ ನಿಂತ ಜೋಡಿಯನ್ನು ನೋಡಿ. ಗಂಡಿನ ಎದೆಗೆ ಒರಗಿ ಒಬ್ಬಳು ಹುಡುಗಿ. ಆ ಗಂಡಿಗೆ ಪಿಕಾಸೊ ಮೊದಲು ತನ್ನದೇ ಮುಖ ಬರೆದಿದ್ದ. ಎಕ್ಸ್‌ರೇಯಲ್ಲಿ ಅದು ಈಗಲೂ ಕಾಣುತ್ತದೆ. ಆಮೇಲೆ ಅದನ್ನು ಮುಚ್ಚಿ, ಅಲ್ಲಿ ಗೆಳೆಯನ ಮುಖ ಬರೆದ.