ಮಾಡಿಫೈಡ್ ಸಿಟಿ ವಿಟೆಕ್ ಮಾರ್ತೀರಾ? ಮೊದಲು ಅಟ್ಟ ಹತ್ತಿ

[ದೃಶ್ಯ: ಶಟರ್ ಮೇಲೇಳುತ್ತೆ. ಒಳಗೆ 2002ರ ಹೋಂಡಾ ಸಿಟಿ.]

1.5 ಲೀಟರ್ ವಿಟೆಕ್ (ಆರ್‌ಪಿಎಂ ಏರಿದಾಗ ವಾಲ್ವ್‌ಗಳ ಚಲನೆ ಬದಲಾಯಿಸೋ ಹೋಂಡಾ ಇಂಜಿನ್), 106 ಅಶ್ವಶಕ್ತಿ. 2003ರಲ್ಲಿ ಬಂದ ಮುಂದಿನ ಸಿಟಿ ಮೈಲೇಜ್ ಕಡೆ ತಿರುಗಿ 77ಕ್ಕೆ ಇಳೀತು. ಅದಕ್ಕೇ ಬೆಂಗಳೂರಲ್ಲಿ ಇವತ್ತಿಗೂ ಹಳೇ ವಿಟೆಕ್ ಹುಡುಕ್ಕೊಂಡು ಬರೋರಿದ್ದಾರೆ.

ಆದ್ರೆ ನಿಮ್ಮದು ಬರೀ ವಿಟೆಕ್ ಅಲ್ಲ. ಹೆಡರ್ಸ್, ಫ್ರೀ ಫ್ಲೋ ಎಕ್ಸಾಸ್ಟ್, ಕಾಯಿಲೋವರ್ ಸಸ್ಪೆನ್ಷನ್, ಬಕೆಟ್ ಸೀಟು ಎಲ್ಲಾ ಹಾಕಿಸಿದ್ದೀರಿ. ಬಿಲ್ಲುಗಳನ್ನೆಲ್ಲ ಕೂಡಿಸಿ ರೇಟು ಹೇಳಿದ್ರೆ ಫೋನ್ ಅಲ್ಲಿಗೇ ಕಟ್. ನಿಮ್ಮ ಶೋಕಿಗೆ ಇನ್ನೊಬ್ಬ ಯಾಕೆ ದುಡ್ಡು ಕೊಡ್ತಾನೆ?

ಅಟ್ಟ ಹತ್ತಿ. ಹಳೇ ಮಫ್ಲರ್, ಏರ್ ಬಾಕ್ಸ್, ಸ್ಪ್ರಿಂಗು ಅಲ್ಲೇ ಧೂಳು ತಿಂತಿರುತ್ತೆ. ಅವನ್ನ ವಾಪಸ್ ಕೂರಿಸಿ, ಕಾರನ್ನ ಸ್ಟಾಕ್, ಅಂದ್ರೆ ಕಂಪನಿಯಿಂದ ಬಂದ ಹಾಗೇ, ಮಾಡಿ ಮಾರಿ. ಬಿಚ್ಚಿದ ಪಾರ್ಟ್ಸ್ ಬೇರೆಯಾಗಿ ಮಾರಿ, ಹಾಗೆ ಮಾರಿದ್ರೇ ಅದಕ್ಕೆ ಬೆಲೆ.

ಕಾನೂನಿನ ಕಾರಣವೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ಸ್ಪೆಸಿಫಿಕೇಶನ್ ಬದಲಾಗೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳ್ತು. ಸಿಕ್ಕಿಬಿದ್ರೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ. 15 ವರ್ಷ ದಾಟಿದ ಗಾಡಿಗೆ 5 ವರ್ಷಕ್ಕೊಮ್ಮೆ ಆರ್‌ಸಿ ರಿನ್ಯೂವಲ್ ಬೇರೆ. ತಗೊಳ್ಳೋನು ಆರ್‌ಟಿಓ ಮುಂದೆ ಗಾಡಿ ನಿಲ್ಲಿಸಲೇಬೇಕು, ಅದು ಅವನಿಗೂ ಗೊತ್ತು. ಆರ್‌ಸಿಯಲ್ಲಿ ಇಲ್ಲದ ಇಂಜಿನ್ ಒಳಗಿದ್ರಂತೂ ಮಾರೋ ಮಾತೇ ಎತ್ತಬೇಡಿ, ಮೊದಲು ಅದನ್ನ ಸರಿಮಾಡಿ.

[ದೃಶ್ಯ: ಬಾನೆಟ್ ಮೇಲೆ ಒಂದು ಅಂಗೈ.]

ಗಾಡಿ ಗೊತ್ತಿರೋನು ಬಂದ ತಕ್ಷಣ ಮಾತಾಡಲ್ಲ. ಬಾನೆಟ್ ಮೇಲೆ ಅಂಗೈ ಇಡ್ತಾನೆ. ಬಿಸಿ ಇದ್ರೆ, ಅವನು ಬರೋಕೆ ಮುಂಚೆ ನೀವು ಸ್ಟಾರ್ಟ್ ಮಾಡಿ ಏನೋ ಮುಚ್ಚಿಟ್ಟಿದ್ದೀರಿ ಅಂತ ಲೆಕ್ಕ. ತಣ್ಣಗಿರೋ ಇಂಜಿನ್ ಮೊದಲ ಸಲ ಕೆಮ್ಮುವಾಗ ನೀಲಿ ಹೊಗೆ ಬಂದ್ರೆ ಆಯಿಲ್ ಸುಡ್ತಿದೆ ಅಂತ. ಅದನ್ನ ನೀವೇ ಮೊದಲು ಹೇಳಿಬಿಡಿ, ಚೌಕಾಸಿ ಅರ್ಧ ಕಮ್ಮಿ ಆಗುತ್ತೆ. ಟೆಸ್ಟ್ ಡ್ರೈವ್‌ಗೆ ಒಬ್ಬನನ್ನೇ ಕಳಿಸಬೇಡಿ. ಆರ್‌ಪಿಎಂ ಮುಳ್ಳು 5 ಸಾವಿರದ ಹತ್ತಿರ ಹೋಗಿ ಇಂಜಿನ್ ದನಿ ಬದಲಾದಾಗ ಎಂಥವನಿಗೂ ಕಾಲು ತಡೆಯಲ್ಲ.

ಇನ್ನು ಕಾಗದ. ಗಾಡಿ ಹೆಸರು ಬದಲಾಯಿಸೋಕೆ ಫಾರ್ಮ್ 29, ಫಾರ್ಮ್ 30. ರಾಜ್ಯದೊಳಗಾದ್ರೆ ಮಾರಿದ್ದನ್ನ 14 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು. ಕೇರಳದವನು ಕೊಂಡ್ರೆ ಎನ್‌ಓಸಿಗೆ (ಆರ್‌ಟಿಓ ಕೊಡೋ ನಿರಾಕ್ಷೇಪಣಾ ಪತ್ರ) ಫಾರ್ಮ್ 28. "ಟ್ರಾನ್ಸ್‌ಫರ್ ನಾನೇ ಮಾಡಿಸ್ಕೋತೀನಿ ಬಿಡಿ ಸಾರ್" ಅಂದ್ರೆ ನಗ್ತಾನೇ ಬೇಡ ಅನ್ನಿ. ಅಪಘಾತ ಆದ್ರೆ ಆರ್‌ಸಿಯಲ್ಲಿ ಹೆಸರಿರೋನೇ ಓನರ್ ಅಂತ 2018ರಲ್ಲೇ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಫಾಸ್ಟ್ಯಾಗ್ ಕ್ಲೋಸ್ ಮಾಡಿ. ಇನ್ಶೂರೆನ್ಸ್‌ನ ನೋ ಕ್ಲೈಮ್ ಬೋನಸ್ (ಕ್ಲೈಮ್ ಮಾಡದೇ ಇದ್ದಿದ್ದಕ್ಕೆ ಪ್ರೀಮಿಯಂನಲ್ಲಿ ಸಿಗೋ ರಿಯಾಯಿತಿ) ನಿಮ್ಮದು, ಗಾಡಿ ಜೊತೆ ಬಿಟ್ಟುಕೊಡಬೇಡಿ.

ಡೆಲಿವರಿ ನೋಟ್‌ನಲ್ಲಿ ತಾರೀಕು ಮಾತ್ರ ಸಾಲದು, ಗಂಟೆ ನಿಮಿಷವೂ ಇರಲಿ. ನನ್ನ ಗಾಡಿ ಕೊಟ್ಟಿದ್ದು ಸಂಜೆ 6 ಗಂಟೆಗೆ. ಓವರ್‌ಸ್ಪೀಡ್ ಫೈನ್ ಬಿದ್ದಿದ್ದು 6.40ಕ್ಕೆ, ನನ್ನ ಹೆಸರಿಗೆ.