ನಾಡಕಚೇರಿ ಕಿಟಕಿ ಮುಂದೆ ದೊಡ್ಡಮ್ಮ

ನಮಸ್ಕಾರ ಕೇಳುಗರೆ. ಹಾಸನದ ಕಡೆ ಹಳ್ಳಿಯವ್ನು ನಾನು, ಇವತ್ತು ನಮ್ಮ ದೊಡ್ಡಮ್ಮನ ವಿಷಯ ಹೇಳ್ಬೇಕು. ದೊಡ್ಡಪ್ಪ ತೀರ್ಕೊಂಡ್ಮೇಲೆ ಜಮೀನಿನ ಪಹಣೀಲಿ ಹೆಸರು ಬದಲಾಗ್ಬೇಕಲ್ಲ, ಪೌತಿ ಖಾತೆ ಅಂತೀವಲ್ಲ ಅದು, ಅದಕ್ಕೆ ವಂಶವೃಕ್ಷ ಬೇಕು ಅಂತ ನಾಡಕಚೇರಿಗೆ ಹೋದ್ರು. ಮೊದಲ ಸಲ ಸರ್ವರ್ ಇಲ್ಲ. ಎರಡನೇ ಸಲ ಊರಿನ ಕಂದಾಯದ ಕೆಲ್ಸ ನೋಡೋ ವಿಎ ಮೀಟಿಂಗಿಗೆ ಹೋಗವ್ರೆ. ಮೂರನೇ ಸಲ ಹೋದ್ರೆ ಮರಣ ಪ್ರಮಾಣಪತ್ರದಲ್ಲಿ ಒಂದು ಹೆಸರು ಐತೆ ಆಧಾರಲ್ಲಿ ಇನ್ನೊಂದೈತೆ ಅಂತ ವಾಪಸ್ ಕಳಿಸಿದ್ರು, ಎರಡನ್ನೂ ಬರ್ದಿದ್ದು ಸರ್ಕಾರದೋರೇ, ತಿದ್ದಿಸೋಕೆ ಅಲೀಬೇಕಾಗಿದ್ದು ಮಾತ್ರ ದೊಡ್ಡಮ್ಮ. ಹೋದಾಗೆಲ್ಲಾ ಶುಂಠಿ ಕೆಲ್ಸದ ಒಂದು ದಿನದ ಕೂಲಿ ಹೋಯ್ತು.

ಒಂದು ಮಾತು ಹೇಳ್ಲೇಬೇಕು, ಯಾರೂ ಅವ್ರತ್ರ ದುಡ್ಡು ಕೇಳ್ಲಿಲ್ಲ. ಲಂಚ ಕೇಳಿದ್ರೆ ಯಾರ್ ಮೇಲೆ ಸಿಟ್ಟು ಮಾಡ್ಕೋಬೇಕು ಅಂತಾದ್ರೂ ಗೊತ್ತಾಗುತ್ತೆ, ಕೆಲಸ ಬರ್ದೇ ಇರೋರು, ಹೊಣೆ ಹೊರದೇ ಇರೋರು ಕೂತಿದ್ರೆ ಆ ಸಿಟ್ಟು ಒಬ್ರ ಮೇಲೆ ನಿಲ್ಲಲ್ಲ, ಸರ್ಕಾರ, ಪಂಚಾಯ್ತಿ, ಓಟು ಎಲ್ಲದರ ಮೇಲೂ ಹರಡ್ಬಿಡುತ್ತೆ. ದೊಡ್ಡಮ್ಮ ಅಂದಿದ್ದು ಇಷ್ಟೇ, "ಈ ಸಲ ಓಟಿಗೆ ನಾನ್ ಬರಲ್ಲ ಕಣೋ ಮಗ." ನಮ್ಮೂರ ಹುಡುಗ್ರು ಇನ್ನೂ ಮುಂದೆ ಹೋಗ್ತಾರೆ, ಮಿಲ್ಟ್ರಿ ಆಡಳಿತ ಬಂದ್ರೆ ಸರಿಹೋಗುತ್ತೆ ಅಂತಾರೆ. ಆ ಮಾತು ಕೇಳಿದ್ರೆ ನಂಗೆ ನಿಜವಾಗ್ಲೂ ಭಯ ಆಗುತ್ತೆ, ಬಂದೂಕು ಹಿಡ್ದೋರನ್ನ ಐದು ವರ್ಷಕ್ಕೆ ಇಳಿಸೋಕಾಗುತ್ತಾ?

ಮೊದ್ಲಾದ್ರೆ ಜಿಲ್ಲಾ ಪಂಚಾಯ್ತಿ ಮೆಂಬರ್ರು ಟೀ ಅಂಗಡಿ ಹತ್ರ ಸಿಕ್ಕೋರು, ನಿಲ್ಸಿ ಕೇಳ್ತಿದ್ವಿ. 2016ರಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯ್ತಿಗೆ ಓಟು ಹಾಕಿದ್ವಿ, 2021ಕ್ಕೆ ಅವರ ಅವಧಿ ಮುಗೀತು, ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ವರ್ಷಗಟ್ಲೆ ಚುನಾವಣೆನೇ ಇಲ್ದೆ ಅಧಿಕಾರಿಗಳ ಕೈಲೇ ಆಡಳಿತ ನಡೀತು. ಅವಧಿ ಮುಗಿಯೋದ್ರೊಳಗೆ ಚುನಾವಣೆ ಮುಗಿಸ್ಬೇಕು ಅಂತ ಸಂವಿಧಾನದ 243ಇ ವಿಧೀಲೇ ಬರ್ದಿದೆ. ಸರ್ಕಾರಾನೇ ಓಟಿನ ದಿನ ಮರೆತ್ರೆ ದೊಡ್ಡಮ್ಮಂಗೆ ಓಟು ಹಾಕು ಅಂತ ನಾನು ಯಾವ ಬಾಯಲ್ಲಿ ಹೇಳ್ಲಿ?

ನಾಲ್ಕನೇ ಸಲ ನಾನೂ ಜೊತೇಲಿ ಹೋದೆ. ಆಗ ಗೊತ್ತಾಯ್ತು, ಅಷ್ಟು ಸಲ ಹೋದ್ರೂ ಅರ್ಜಿನೇ ದಾಖಲಾಗಿರ್ಲಿಲ್ಲ, ಎಲ್ಲಾ ಬರೀ ಬಾಯ್ಮಾತಲ್ಲೇ ವಾಪಸ್ ಕಳ್ಸಿದ್ದು. ಸರ್ಕಾರಿ ಕೆಲ್ಸ ಇಂತಿಷ್ಟು ದಿನದೊಳಗೆ ಮಾಡ್ಕೊಡ್ಬೇಕು ಅನ್ನೋ 2011ರ ಸಕಾಲ ಕಾಯ್ದೆ ಪ್ರಕಾರ ಗಡುವು ಮೀರಿದ್ರೆ ದಿನಕ್ಕೆ 20 ರೂಪಾಯಿ, ಹೆಚ್ಚಂದ್ರೆ 500 ರೂಪಾಯಿ ಪರಿಹಾರ ಇದೆ, ಆದ್ರೆ ಜಿಎಸ್‌ಸಿ ನಂಬರ್, ಅಂದ್ರೆ ಅರ್ಜಿ ದಾಖಲಾದಾಗ ರಸೀದೀಲಿ ಬರೋ ನಂಬರ್, ಕೊಡ್ದೇ ಹೋದ್ರೆ ಗಡುವಿನ ಲೆಕ್ಕನೇ ಶುರುವಾಗಲ್ಲ. ಅದಕ್ಕೆ ದಯವಿಟ್ಟು ಕೇಳುಗರೆ, ರಸೀದಿ ಇಲ್ದೆ ಕಿಟಕಿ ಬಿಟ್ಟು ಬರ್ಬೇಡಿ. ನಾವು ಕೇಳಿದ್ವಿ, ಸ್ವಲ್ಪ ಹೊತ್ತು ಗೊಣಗಿದ್ರು, ಕೊಟ್ರು.

ದೊಡ್ಡಮ್ಮಂಗೆ ಓದೋಕೆ ಬರಲ್ಲ. ಆ ಚೀಟಿ ಹಿಡ್ಕೊಂಡು "ನಿಮ್ಮ ದೊಡ್ಡಪ್ಪನ ಹೆಸರು ಎಲ್ಲೈತೋ?" ಅಂದ್ರು, ಬೆರಳಿಟ್ಟು ತೋರ್ಸಿದೆ. ಕೊನೇ ದಿನ ಯಾವತ್ತು ಅಂತ ಕೇಳಿ ಚೀಟಿ ಮಡಚಿ ಎಲೆಅಡಿಕೆ ಚೀಲದೊಳಗೆ ಇಟ್ಕೊಂಡ್ರು. "ಅವತ್ತೂ ಬರ್ತೀಯೇನೋ ಮಗ?" ಅಂದ್ರು. ಬರ್ತೀನಿ ಅಂದಿದೀನಿ.