ಹಾಡಿನ ಕೊನೆಯಲ್ಲಿ ಒಂದು ರೈಲು

ಕೇಳುಗರಿಗೆ ನಮಸ್ಕಾರ.

ಬಳ್ಳಾರಿಯ ಕೌಲ್‌ಬಜಾರಿನಲ್ಲಿ, ರೈಲ್ವೆ ಗೇಟಿಗೆ ಹತ್ತಿರದ ಒಂದು ಕೋಣೆಯಲ್ಲಿ ನಾನು ಬಹಳ ವರ್ಷ ತತ್ವಪದ, ರಂಗಗೀತೆಗಳ ಧ್ವನಿಮುದ್ರಣ ಮಾಡಿದವನು. ಗೋಡೆಗೆಲ್ಲ ಹಳೆಯ ಕೌದಿ ಹೊಡೆದು, ಕಿಟಕಿಗೆ ಗೋಣಿಚೀಲ ತುರುಕಿದ್ದೆವು. ಆದರೂ ಅದಿರು ತುಂಬಿದ ಗೂಡ್ಸ್ ಗಾಡಿ ಬಂತೆಂದರೆ ಹಾರ್ಮೋನಿಯಂ ಮೇಲಿಟ್ಟ ಚಹಾ ಲೋಟ ಗಿಣಿಗಿಣಿ ಎನ್ನುತ್ತಿತ್ತು. ನಾನು ಕೈ ಎತ್ತಬೇಕು, ಹಾಡು ನಿಲ್ಲಬೇಕು, ಗಾಡಿ ದಾಟಿದ ಮೇಲೆ ಮತ್ತೆ ಪಲ್ಲವಿಯಿಂದ ಶುರುವಾಗಬೇಕು. ಗೆಳೆಯರೊಬ್ಬರು ಕೊಟ್ಟ ಕ್ಯಾಸೆಟ್ಟಿನಲ್ಲಿ ಬ್ರಯಾನ್ ವಿಲ್ಸನ್ ಅವರ ಸಂಗೀತವನ್ನು ಮೊದಲು ಕೇಳಿದ್ದು ಅದೇ ಕೋಣೆಯಲ್ಲಿ.

ವಿಲ್ಸನ್ ಹುಟ್ಟಿದ್ದು 1942ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಇಬ್ಬರು ತಮ್ಮಂದಿರು, ಒಬ್ಬ ಸೋದರಸಂಬಂಧಿ, ಒಬ್ಬ ಗೆಳೆಯನ ಜೊತೆ 1961ರಲ್ಲಿ ‘ಬೀಚ್ ಬಾಯ್ಸ್’ ತಂಡ ಕಟ್ಟಿದರು. ಕಡಲು, ಕಾರು, ಹರೆಯದ ಹುಮ್ಮಸ್ಸಿನ ಹಾಡುಗಳಿಂದ ಹೆಸರಾದರು. ಅವು ಹಗುರವಾದ ಹಾಡುಗಳೆಂದು ತಳ್ಳಿಹಾಕುವವರಿದ್ದಾರೆ, ನಾನು ಒಪ್ಪುವುದಿಲ್ಲ. ಐದು ಕೊರಳುಗಳನ್ನು ಜಡೆಯಂತೆ ಹೆಣೆಯುವ ಕಸುಬು ಅಲ್ಲಿಯೇ ಪಳಗಿದ್ದು.

1964ರ ಡಿಸೆಂಬರಿನಲ್ಲಿ ವಿಮಾನದಲ್ಲಿ ಹೋಗುವಾಗ ಅವರ ಮನಸ್ಸಿನ ಹಿಡಿತ ತಪ್ಪಿತು. ಅಲ್ಲಿಂದ ಮುಂದೆ ಊರೂರು ಸುತ್ತುವುದನ್ನು ಬಿಟ್ಟರು. ತಂಡ ಸಂಚಾರಕ್ಕೆ ಹೋದರೆ ಇವರು ಸ್ಟುಡಿಯೊದಲ್ಲಿ ಉಳಿದರು. ಹಾಗೆ ಉಳಿದದ್ದರ ಫಲ, 1966ರ ಮೇ ತಿಂಗಳಲ್ಲಿ ಹೊರಬಂದ ‘ಪೆಟ್ ಸೌಂಡ್ಸ್’ ಎಂಬ ಆಲ್ಬಮ್. ಆಗ ಅವರಿಗೆ ಇಪ್ಪತ್ತಮೂರು ವರ್ಷ.

ಅವರ ಬಲಗಿವಿ ಬಾಲ್ಯದಿಂದಲೇ ಹೆಚ್ಚುಕಡಿಮೆ ಕಿವುಡು. ಎಡಕ್ಕೊಂದು ಬಲಕ್ಕೊಂದು ಹಂಚುವ ಸ್ಟೀರಿಯೊ ಅವರಿಗೆ ಒಗ್ಗದ ಮಾತು. ಎಲ್ಲವನ್ನೂ ಒಂದೇ ಧಾರೆಯಾಗಿ, ಮೊನೊದಲ್ಲಿ ಹದ ಮಾಡಿದರು. ವಾದಕರನ್ನು ಒಂದೇ ಕೋಣೆಯಲ್ಲಿ ಕೂರಿಸಿ ಒಟ್ಟಿಗೆ ನುಡಿಸಿಸಿದರು. ನಮ್ಮ ದೊಡ್ಡಾಟದಲ್ಲಿ ಮುಖವೀಣೆ, ಹಾರ್ಮೋನಿಯಂ ಒಂದೇ ಸ್ವರಕ್ಕೆ ಕೂಡಿದಾಗ ಎರಡೂ ಅಲ್ಲದ ಮೂರನೆಯ ದನಿಯೊಂದು ಏಳುತ್ತದಲ್ಲ, ವಿಲ್ಸನ್ ಹುಡುಕಿದ್ದು ಅದನ್ನು. ಅದಕ್ಕಾಗಿ ಸೈಕಲ್ ಗಂಟೆಯೂ ಆಗಬಹುದು, ಖಾಲಿ ಕೋಕಾ ಕೋಲಾ ಡಬ್ಬಿಯೂ ಆಗಬಹುದು.

ಅದೇ ವರ್ಷದ ‘ಗುಡ್ ವೈಬ್ರೇಷನ್ಸ್’ ಹಾಡಿಗೆ ತಿಂಗಳುಗಟ್ಟಲೆ ದುಡಿದರು. ಒಂದೊಂದು ತುಂಡನ್ನು ಒಂದೊಂದು ಸ್ಟುಡಿಯೊದಲ್ಲಿ ಮುದ್ರಿಸಿ, ಟೇಪು ಕತ್ತರಿಸಿ ಅಂಟಿಸಿದರು. ಉಳಿದದ್ದು ಮೂರೂವರೆ ನಿಮಿಷದ ಹಾಡು. ಸ್ಪೂಲ್ ಟೇಪಿಗೆ ಬ್ಲೇಡು ಹಾಕಿದವರಿಗೆ ಇದರ ಬೆಲೆ ಗೊತ್ತು. ಬ್ಲೇಡು ಕೂದಲೆಳೆಯಷ್ಟು ಸರಿದರೂ ತಾಳ ಕುಂಟುತ್ತದೆ.

ಮುಂದಿನ ಆಲ್ಬಮ್ ‘ಸ್ಮೈಲ್’ 1967ರಲ್ಲಿ ಅರ್ಧಕ್ಕೆ ನಿಂತಿತು. ಕಾಯಿಲೆ, ಒಂಟಿತನಗಳ ದೀರ್ಘ ವರ್ಷಗಳು ಕಳೆದವು. 2004ರಲ್ಲಿ ಲಂಡನ್ನಿನ ವೇದಿಕೆಯ ಮೇಲೆ ಅದನ್ನು ಪೂರ್ತಿಯಾಗಿ ಹಾಡಿ ತೋರಿಸಿದರು. 2025ರ ಜೂನ್ 11ರಂದು ತೀರಿಕೊಂಡರು.

‘ಪೆಟ್ ಸೌಂಡ್ಸ್’ ಮುಗಿಯುವುದು ಹಾಡಿನಿಂದಲ್ಲ. ಹಾಡು ನಿಂತ ಮೇಲೆ ಒಂದು ರೈಲು ಹಾದುಹೋಗುತ್ತದೆ, ವಿಲ್ಸನ್ ಸಾಕಿದ ಎರಡು ನಾಯಿಗಳು ಬೊಗಳುತ್ತವೆ. ಮೊದಲ ಸಲ ಕೇಳಿದಾಗ ನಮ್ಮದೇ ಗೂಡ್ಸ್ ಗಾಡಿ ಎಂದುಕೊಂಡು ಹೆಡ್‌ಫೋನ್ ತೆಗೆದು ಲೋಟದ ಕಡೆ ನೋಡಿದ್ದೆ. ಲೋಟ ಅಲುಗಾಡಿರಲಿಲ್ಲ.

ಕೆಲವು ದಿನಗಳ ನಂತರ ಸಂಡೂರಿನ ಕಡೆಯ ಅಜ್ಜಿಯೊಬ್ಬರು ತತ್ವಪದ ಹಾಡುತ್ತಿದ್ದರು. ಕೊನೆಯ ನುಡಿಗೆ ಗಾಡಿ ಬಂತು. ನಾನು ಕೈ ಎತ್ತಲಿಲ್ಲ. ಅಜ್ಜಿ ನನ್ನ ಮುಖ ನೋಡುತ್ತಲೇ ಹಾಡು ಮುಗಿಸಿದರು. ಕೊನೆಯ ಡಬ್ಬಿಯ ಸದ್ದು ದೂರದಲ್ಲಿ ಕರಗುವವರೆಗೂ ತಂಬೂರಿಯ ತಂತಿ ಮಿಡಿಯುತ್ತಲೇ ಇದ್ದರು.

“ಮತ್ತೆ ಮೊದಲಿನಿಂದ ಹಾಡಬೇಕೇನಪ್ಪಾ?” ಎಂದು ಕೇಳಿದರು.

“ಬೇಡ ಅಜ್ಜಿ” ಎಂದೆ.